ಕಣಕುಂಬಿಯ ನೀರು, ಹಲಸಿಯ ಕಲ್ಲು

ಬೆಳಗಾವಿಯಿಂದ ಚೋರ್ಲಾ ಘಾಟ್ ಮೂಲಕ ಗೋವಾಕ್ಕೆ ಇಳಿಯುವ ರಸ್ತೆಯಲ್ಲಿ, ಘಟ್ಟದ ನೆತ್ತಿಗೆ ಸ್ವಲ್ಪ ಮೊದಲು ಖಾನಾಪುರ ತಾಲ್ಲೂಕಿನ ಕಣಕುಂಬಿ ಸಿಗುತ್ತದೆ. ಮಲಪ್ರಭೆ ಹುಟ್ಟುವುದು ಇಲ್ಲಿ. ಪಶ್ಚಿಮದ ಕಡಲು ಇಷ್ಟು ಹತ್ತಿರವಿದ್ದರೂ ಆಕೆ ಅದಕ್ಕೆ ಬೆನ್ನು ಮಾಡಿ ಪೂರ್ವಕ್ಕೆ ಹೊರಟು, ಸುಮಾರು 304 ಕಿಲೋಮೀಟರ್ ನಡೆದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಆ ನೀರು ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಅದೇ ಕಣಕುಂಬಿಯ ಆಸುಪಾಸಿನಲ್ಲಿ ಹುಟ್ಟುವ ಕಳಸಾ ನಾಲೆ ಪಶ್ಚಿಮಕ್ಕೆ ಇಳಿದು ಮಹದಾಯಿಯ ಪಾಲಾಗುತ್ತದೆ. ಇದೇ ಖಾನಾಪುರ ತಾಲ್ಲೂಕಿನ ದೇಗಾಂವದ ಕಾಡಿನಲ್ಲಿ ಹುಟ್ಟುವ ಮಹದಾಯಿ ಗೋವಾದೊಳಗೆ ಮಾಂಡವಿಯಾಗಿ ಪಣಜಿಯ ಬಳಿ ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಮೋಡ ಸುರಿಸಿದ ಮಳೆ ಒಂದು ದಿಣ್ಣೆಯ ಆಚೀಚೆ ಬಿದ್ದರೆ ಎರಡು ಬೇರೆ ಸಮುದ್ರಗಳಿಗೆ ಹೋಗುತ್ತದೆ. ಖಾನಾಪುರದ ಕಾಡು, ಕೋಟೆ, ಗುಹೆ, ಗುಡಿಗಳನ್ನೆಲ್ಲ ಅರ್ಥ ಮಾಡಿಕೊಳ್ಳಲು ಹೊರಟವರು ಈ ದಿಣ್ಣೆಯಿಂದಲೇ ಶುರು ಮಾಡಬೇಕು ಎಂಬುದು ನನ್ನ ವಾದ.

ಹಾಗೆ ಶುರು ಮಾಡುವವರು ಕಡಿಮೆ. ಪ್ರವಾಸದ ನಕ್ಷೆಗಳಲ್ಲಿ ಈ ತಾಲ್ಲೂಕು ಬಿಡಿಬಿಡಿ ಚುಕ್ಕೆಗಳಾಗಿ ಕಾಣಿಸುತ್ತದೆ: ಇಲ್ಲೊಂದು ಜಲಪಾತ, ಅಲ್ಲೊಂದು ಹಳೆಯ ದೇವಸ್ಥಾನ, ಮತ್ತೊಂದು ಕಡೆ ಹುತಾತ್ಮರ ಸಮಾಧಿ. ಮಳೆಗಾಲದ ಶನಿವಾರ ಭಾನುವಾರಗಳಲ್ಲಿ ಜಾಂಬೋಟಿ, ಚೋರ್ಲಾ ಕಡೆಗೆ ಕಾರು ಬೈಕುಗಳ ಸಾಲು ಹರಿಯುತ್ತದೆ. ನೀರು ಬೀಳುವ ಜಾಗದಲ್ಲಿ ನಿಂತು ಫೋಟೊ ತೆಗೆದು ಹಿಂದಿರುಗುತ್ತದೆ. ಹಲಸಿಯ ಕಡೆ ತಿರುಗುವ ವಾಹನಗಳು ವಿರಳ. ಇದರಿಂದ ಎರಡು ನಷ್ಟಗಳು ಒಟ್ಟಿಗೇ ಆಗುತ್ತಿವೆ. ಜನರ ಒತ್ತಡವನ್ನು ತಾಳಲಾರದ ಕಾಡಿನ ಒಡಲಿಗೆ ಜನ ನುಗ್ಗುತ್ತಾರೆ. ಜನ ಬಂದರೆ ಉಳಿಯುವ, ಬಾರದಿದ್ದರೆ ಹಾಳುಬೀಳುವ ಊರುಗಳು ಖಾಲಿ ಇರುತ್ತವೆ. ಕಣಿವೆಯನ್ನು ಇಡಿಯಾಗಿ ಓದಿದರೆ ಎಲ್ಲಿಗೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಆ ಓದಿನಿಂದಲೇ ಹೊಳೆಯುತ್ತದೆ.

ಮೊದಲು ಹಲಸಿಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈ ಕಣಿವೆಯ ಇತಿಹಾಸದ ಬೇರು ಅಲ್ಲಿದೆ. ಇವತ್ತು ಖಾನಾಪುರ ತಾಲ್ಲೂಕಿನ ಸಾಧಾರಣ ಹಳ್ಳಿಯಾಗಿರುವ ಈ ಊರು ಶಾಸನಗಳ ಪಲಾಶಿಕಾ. ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದ ಪಟ್ಟಣ. 19ನೇ ಶತಮಾನದಲ್ಲಿ ಊರ ಹೊರಗೆ ಸಿಕ್ಕ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದ ಮೇಲೆ ಕದಂಬರ ಚರಿತ್ರೆಗೆ ಗಟ್ಟಿಯಾದ ಆಧಾರ ದೊರೆಯಿತು. ಕಾಕುಸ್ಥವರ್ಮ ಇನ್ನೂ ಯುವರಾಜನಾಗಿದ್ದಾಗ ತನ್ನ ಸೇನಾಪತಿ ಶ್ರುತಕೀರ್ತಿಗೆ ಕೊಟ್ಟ ಭೂದಾನ ಅವುಗಳಲ್ಲೊಂದರಲ್ಲಿದೆ. ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರು ಜೈನ ಪಂಗಡಗಳಿಗೆ ಭೂಮಿ ಬಿಟ್ಟದ್ದು ಇನ್ನೊಂದರಲ್ಲಿದೆ. ವೈದಿಕ ಯಜ್ಞಗಳನ್ನು ಮಾಡಿದ ಅರಸು ಮನೆತನ ಜೈನ ಮುನಿಗಳನ್ನು ಪೋಷಿಸಿತೆಂಬುದನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಅದಕ್ಕೆ ಸಾಕ್ಷಿ ನುಡಿಯುವುದು ಈ ಊರಿನ ತಾಮ್ರಪಟಗಳು. ಅಲ್ಲಿಂದ ಸುಮಾರು ಏಳುನೂರು ವರ್ಷಗಳ ನಂತರ ಗೋವಾ ಕದಂಬರ ಕಾಲದಲ್ಲಿ ಹಲಸಿ ಮತ್ತೆ ಮೇಲೆ ಬರುತ್ತದೆ. ಭೂವರಾಹ ನರಸಿಂಹ ದೇವಾಲಯದಲ್ಲಿ 1169ರ ಶಾಸನವಿದೆ. ಅಲ್ಲಿ ಎರಡು ಗರ್ಭಗುಡಿಗಳು ಒಂದಕ್ಕೊಂದು ಎದುರುಬದುರಾಗಿವೆ. ಒಂದರಲ್ಲಿ ಭೂದೇವಿಯನ್ನೆತ್ತಿದ ವರಾಹ, ಇನ್ನೊಂದರಲ್ಲಿ ನರಸಿಂಹ. ನಡುವಿನ ಮಂಟಪದಲ್ಲಿ ನಿಂತವರಿಗೆ ಎರಡು ಅವತಾರಗಳ ದೃಷ್ಟಿಯೂ ತಾಗುವ ಇಂಥ ಕಟ್ಟೋಣ ಕರ್ನಾಟಕದಲ್ಲೇ ಅಪರೂಪ.

ಇಷ್ಟು ದೊಡ್ಡ ಪಟ್ಟಣ ಇಲ್ಲೇ ಏಕೆ ಬೆಳೆಯಿತು ಎಂಬ ಪ್ರಶ್ನೆ ಗುಡಿಯ ಮುಂದೆ ನಿಂತಾಗ ಏಳಬೇಕು. ಉತ್ತರ ಗುಡಿಯೊಳಗೆ ಸಿಗುವುದಿಲ್ಲ, ಘಟ್ಟದಲ್ಲಿ ಸಿಗುತ್ತದೆ. ಗೋವಾ ಕದಂಬರ ರಾಜ್ಯಕ್ಕೆ ಎರಡು ಅಂಗಗಳಿದ್ದವು: ಘಟ್ಟದ ಕೆಳಗಿನ ಕೊಂಕಣ-900, ಘಟ್ಟದ ಮೇಲಿನ ಪಲಸಿಗೆ-12000. ಮೊದಲು ಚಂದ್ರಪುರ, ಬಳಿಕ ಗೋಪಕಪಟ್ಟಣ ಅವರ ಕರಾವಳಿಯ ರಾಜಧಾನಿಗಳಾದವು. ಬಂದರಿನಲ್ಲಿ ಇಳಿದ ಸರಕು ಒಳನಾಡಿಗೆ ಏರಬೇಕಾದರೂ, ಒಳನಾಡಿನ ಧಾನ್ಯ ಬಟ್ಟೆಗಳು ಬಂದರಿಗೆ ಇಳಿಯಬೇಕಾದರೂ ಇದೇ ಘಟ್ಟದ ದಾರಿಗಳೇ ಗತಿ. ನೀರು ಕೊರೆದ ಕಣಿವೆಗಳಲ್ಲೇ ಮನುಷ್ಯನ ದಾರಿ ಬಿದ್ದಿತು. ದಾರಿ ಕಾಯುವವರಿಗೆ ಕೋಟೆ ಬೇಕಾಯಿತು. ದಾರಿಯ ಮೇಲಿನ ಆದಾಯ ಗುಡಿಗಳಾಯಿತು. ಅನಮೋಡ ಘಾಟ್ ಇಳಿದರೆ ಗೋವಾದ ಕಾಡಿನೊಳಗೆ, ಮಾಂಡವಿಯ ಉಪನದಿಯೊಂದರ ದಡದಲ್ಲಿ ತಾಂಬಡಿ ಸುರ್ಲಾದ ಮಹಾದೇವ ದೇವಾಲಯವಿದೆ. ಅದೂ ಕದಂಬರ ಕಾಲದ್ದು. ಅದರ ಕಂಬಗಳನ್ನು, ಶಿಖರವನ್ನು ನೋಡಿದ ಕನ್ನಡಿಗನಿಗೆ ಪರವೂರಿಗೆ ಬಂದೆನೆಂದು ಅನಿಸುವುದಿಲ್ಲ. ಗೋವಾದ ತಗ್ಗಿನ ಪ್ರದೇಶದ ಹಳೆಯ ಗುಡಿಗಳು ಬಹುಪಾಲು ಅಳಿದುಹೋದರೂ ಇದು ಉಳಿದದ್ದು ಘಟ್ಟದ ಬುಡದ ದಟ್ಟ ಕಾಡಿನ ಮರೆಯಿಂದ. ಹಲಸಿ ಇಲ್ಲದೆ ತಾಂಬಡಿ ಸುರ್ಲಾ ಅರ್ಥವಾಗದು, ಘಟ್ಟವಿಲ್ಲದೆ ಎರಡೂ ಅರ್ಥವಾಗವು. ಈಗ ಇವುಗಳ ನಡುವೆ ರಾಜ್ಯದ ಗಡಿ ಇದೆ, ಎರಡು ಪ್ರವಾಸೋದ್ಯಮ ಇಲಾಖೆಗಳಿವೆ. ಒಂದರ ಕೈಪಿಡಿಯಲ್ಲಿ ಇನ್ನೊಂದರ ಪ್ರಸ್ತಾಪ ಇಲ್ಲದಿದ್ದರೆ ಓದುಗನಿಗೆ ಅರ್ಧ ಕತೆ ಮಾತ್ರ ದಕ್ಕುತ್ತದೆ.

ಘಟ್ಟ ಆಶ್ರಯ ಕೊಟ್ಟದ್ದು ಅರಸರಿಗೆ ಮಾತ್ರವಲ್ಲ. ಕಿತ್ತೂರು ಬ್ರಿಟಿಷರ ವಶವಾದ ಮೇಲೆ ಸಂಗೊಳ್ಳಿ ರಾಯಣ್ಣ ಬಂಡಾಯ ಎದ್ದಾಗ ಅವನ ದಂಡು ನೆಚ್ಚಿಕೊಂಡದ್ದು ಖಾನಾಪುರ ಭಾಗದ ಈ ಕಾಡುಗಳನ್ನು, ಹಂಡಿ ಬಡಗನಾಥದಂಥ ಗುಡ್ಡಗಳನ್ನು. ತೋಪು ಬಂದೂಕುಗಳಿದ್ದ ಸೈನ್ಯದೆದುರು ಬಯಲಲ್ಲಿ ನಿಲ್ಲಲಾಗದ ಸಾಮಾನ್ಯ ರೈತರು ಅಷ್ಟು ಕಾಲ ಹೋರಾಡಿದ್ದಕ್ಕೆ ನೆಲದ ಪರಿಚಯವೇ ಅವರ ದೊಡ್ಡ ಬಲವಾಗಿತ್ತು. ಮೋಸದಿಂದ ಸೆರೆಸಿಕ್ಕ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಹಲಸಿ, ನಂದಗಡ ನೆರೆಹೊರೆಯ ಊರುಗಳು. ಕದಂಬರ ಪಟ್ಟಣವನ್ನೂ ರಾಯಣ್ಣನ ಸಮಾಧಿಯನ್ನೂ ಒಂದೇ ದಿನ ನೋಡಬಹುದು. ಹಾಗೆ ನೋಡಿದವನಿಗೆ ಈ ಕಾಡು ಎರಡರ ಹಿನ್ನೆಲೆಯಲ್ಲಿ ಸುಮ್ಮನೆ ನಿಂತದ್ದಲ್ಲ, ಎರಡಕ್ಕೂ ಕಾರಣವಾಗಿತ್ತೆಂದು ತಿಳಿಯುತ್ತದೆ.

ಇನ್ನು ಕಣಿವೆಯ ಒಡಲು. ಮಹದಾಯಿಯ ಮೇಲ್ಕಣಿವೆಯನ್ನು ಒಳಗೊಂಡ 190 ಚದರ ಕಿಲೋಮೀಟರ್‌ಗಿಂತ ತುಸು ಹೆಚ್ಚಿನ ಕಾಡನ್ನು 2011ರ ಡಿಸೆಂಬರ್‌ನಲ್ಲಿ ಭೀಮಗಡ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಹೆಸರು ಬಂದದ್ದು ಕಡಿದಾದ ಬಂಡೆಯ ಮೇಲಿರುವ, ಶಿವಾಜಿಯ ಕಾಲದಲ್ಲಿ ಮಹತ್ವ ಪಡೆದಿದ್ದ ಭೀಮಗಡ ಕೋಟೆಯಿಂದ. ಆದರೆ ಈ ಕಾಡಿನ ಹೆಸರನ್ನು ಲೋಕದ ಜೀವಶಾಸ್ತ್ರಕ್ಕೆ ಮುಟ್ಟಿಸಿದ್ದು ಕೋಟೆಯಲ್ಲ, ತಳೇವಾಡಿ ಬಳಿಯ ಬಾರಾಪೇಡೆ ಗುಹೆಯ ಒಂದು ಬಾವಲಿ. ಮೂತಿಯಿಂದ ಮುಂದಕ್ಕೆ ಚಾಚಿದ ದೊಡ್ಡ ಕಿವಿಗಳ ಈ ಜೀವಿಯನ್ನು 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಹೊಸ ಪ್ರಭೇದವೆಂದು ವರ್ಣಿಸಿ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಗೆ ಕಾರಣನಾದ ಅರಣ್ಯಾಧಿಕಾರಿ ರಾಟನ್ ಹೆಸರನ್ನು ಅದಕ್ಕಿಟ್ಟರು. ಹತ್ತಿರಹತ್ತಿರ ಒಂದು ಶತಮಾನದವರೆಗೆ ರಾಟನ್ ಬಾವಲಿಗೆ ಭೂಮಿಯ ಮೇಲೆ ಗೊತ್ತಿದ್ದ ಏಕೈಕ ನೆಲೆ ಈ ಗುಹೆಯಾಗಿತ್ತು. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯಾದಲ್ಲಿ ಅದು ಕಂಡುಬಂದಿತು. ಇಷ್ಟಾದರೂ ಅದರ ನೆಲೆಗಳು ಬೆರಳೆಣಿಕೆಯವು. ಇಂಥ ಬಾವಲಿಗಳು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಟಾರ್ಚಿನ ಬೆಳಕು, ಮಾತು, ಹೊಗೆ ಪದೇ ಪದೇ ಬಿದ್ದರೆ ಗುಂಪು ಗುಹೆಯನ್ನೇ ಬಿಟ್ಟು ಹೋಗಬಹುದು. ಕಳೆದುಹೋದ ಸಂಖ್ಯೆ ಮತ್ತೆ ತುಂಬಲು ದಶಕಗಳು ಬೇಕು. ಬಾರಾಪೇಡೆಯನ್ನು ಪ್ರವಾಸಿ ತಾಣ ಮಾಡುವುದೆಂದರೆ ಅದನ್ನು ಇಲ್ಲವಾಗಿಸುವುದು ಎಂದೇ ಅರ್ಥ.

ಹುಲಿಯ ಲೆಕ್ಕವೂ ಇದೇ ಬಗೆಯದು. ಭೀಮಗಡದ ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ, ಪಶ್ಚಿಮಕ್ಕೆ ಗೋವಾದ ಮಹದಾಯಿ ವನ್ಯಜೀವಿಧಾಮವಿದೆ. ಹುಲಿಗೆ ಇವೆಲ್ಲ ಒಂದೇ ಕಾಡು. 2020ರ ಜನವರಿಯಲ್ಲಿ ಗೋವಾದ ಸತ್ತರಿ ತಾಲ್ಲೂಕಿನಲ್ಲಿ ನಾಲ್ಕು ಹುಲಿಗಳು ವಿಷದಿಂದ ಸತ್ತವು. ಜಾನುವಾರು ಕಳೆದುಕೊಂಡವರ ಸಿಟ್ಟು ಅದರ ಹಿಂದಿತ್ತು. ಅಂದು ಕಳೆದುಹೋದದ್ದು ಗೋವಾದ ಹುಲಿಗಳಷ್ಟೇ ಅಲ್ಲ, ಇಡೀ ಕಣಿವೆಯ ಹುಲಿಗಳು. ಒಂದು ಕಡೆ ಕಾಡು ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿದ್ದರೆ ರಕ್ಷಣೆ ಆ ಸಡಿಲವಾದ ಕಡೆಯಿಂದಲೇ ಸೋರಿಹೋಗುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು: ಕಣಿವೆಯ ಅಂಚಿನ ಊರುಗಳನ್ನು, ಅಂದರೆ ಖಾನಾಪುರ, ಹಲಸಿ, ನಂದಗಡ, ಜಾಂಬೋಟಿ, ಕಣಕುಂಬಿಗಳನ್ನು ಬರುವವರಿಗೆ ತೆರೆದಿಡಬೇಕು; ಭೀಮಗಡದ ಒಡಲನ್ನು, ಎಲ್ಲಕ್ಕಿಂತ ಮುಖ್ಯವಾಗಿ ಬಾರಾಪೇಡೆಯನ್ನು, ತಿಳಿಯಬೇಕು ಆದರೆ ತುಳಿಯಬಾರದು. ಇದಕ್ಕೆ ಎದುರಾಗುವ ಮೊದಲ ಆಕ್ಷೇಪ ಹಳೆಯದು, ತೂಕದ್ದೂ ಹೌದು. ಕಣ್ಣಾರೆ ಕಾಣದ್ದನ್ನು ಜನ ಪ್ರೀತಿಸುವುದಿಲ್ಲ, ಪ್ರೀತಿಸದ್ದನ್ನು ಉಳಿಸುವುದಿಲ್ಲ ಎನ್ನುತ್ತಾರೆ. ಈ ಮಾತಿಗೆ ಉತ್ತರ ಇದೇ ಕಣಿವೆಯಲ್ಲಿದೆ. ರಾಯಣ್ಣನನ್ನು ಎದೆಯಲ್ಲಿಟ್ಟುಕೊಂಡ ಕನ್ನಡಿಗರಲ್ಲಿ ನಂದಗಡಕ್ಕೆ ಬಂದವರು ಎಷ್ಟು ಮಂದಿ? ಅವನನ್ನು ಊರೂರಿಗೆ ತಲುಪಿಸಿದ್ದು ಲಾವಣಿ, ಗೀಗೀ ಪದ, ಬಯಲಾಟ. ಹೇಳುವವರಿದ್ದರೆ ಕಾಣದ್ದರ ಮೇಲೂ ಪ್ರೀತಿ ಬೆಳೆಯುತ್ತದೆ. ಬಾವಲಿಯ ಕತೆ ಹೇಳಲು ಗುಹೆಯ ಬಾಯಿಗೆ ಬಸ್ಸು ಹೋಗಬೇಕಿಲ್ಲ. ಖಾನಾಪುರದಲ್ಲಿ ಒಂದು ಒಳ್ಳೆಯ ವಸ್ತುಪ್ರದರ್ಶನ, ಗುಹೆಯೊಳಗೆ ಸಂಶೋಧಕರು ತೆಗೆದ ಚಿತ್ರಗಳು, ನೀರು ಎರಡಾಗುವ ದಿಣ್ಣೆಯ ಒಂದು ಮಾದರಿ ಇದ್ದರೆ ಶಾಲೆಯ ಮಕ್ಕಳಿಗೆ ಕತ್ತಲೆಯ ಗುಹೆಯಲ್ಲಿ ಕಾಣುವುದಕ್ಕಿಂತ ಹೆಚ್ಚು ಕಾಣುತ್ತದೆ.

ಎರಡನೆಯ ಆಕ್ಷೇಪ ಹೊಟ್ಟೆಪಾಡಿನದು. ಜಲಪಾತ, ಕಾಡು ಮುಚ್ಚಿದರೆ ಸ್ಥಳೀಯರಿಗೆ ಏನು ಉಳಿಯಿತು? ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದೂಧಸಾಗರ ಜಲಪಾತದ ಉದಾಹರಣೆ ನೋಡಿ. ಕರ್ನಾಟಕ ಗೋವಾ ಗಡಿಯಲ್ಲಿ ಸುಮಾರು 310 ಮೀಟರ್ ಎತ್ತರದಿಂದ ಧುಮುಕುವ ಈ ಜಲಪಾತದಿಂದ ಗೋವಾದ ಕುಳೆ ಭಾಗದ ಜೀಪಿನವರು ವರ್ಷದ ಅನ್ನ ದುಡಿಯುತ್ತಾರೆ. ಆದರೆ ಅಲ್ಲಿ ಅರಣ್ಯ ಇಲಾಖೆಯ ಗೇಟಿದೆ, ಶುಲ್ಕವಿದೆ, ಮಳೆಗಾಲದಲ್ಲಿ ಜೀಪಿನ ದಾರಿ ಮುಚ್ಚುತ್ತದೆ. ಅದೇ ಜಲಪಾತಕ್ಕೆ ಕ್ಯಾಸಲ್‌ರಾಕ್ ಕಡೆಯಿಂದ ರೈಲು ಹಳಿಯ ಮೇಲೆ ನಡೆದು ಹೋಗುವವರಿಂದ ಯಾವ ಊರಿಗೂ ಕಾಸಿಲ್ಲ, ಅಪಾಯ ಮಾತ್ರ. 2023ರ ಜುಲೈನಲ್ಲಿ ಜನ ಎಷ್ಟು ಸಂಖ್ಯೆಯಲ್ಲಿ ಹಳಿಗೆ ಇಳಿದರೆಂದರೆ, ರೈಲ್ವೆ ಇಲಾಖೆ ಎಚ್ಚರಿಕೆ ಹೊರಡಿಸಿ ಹಳಿಯ ಮೇಲೆ ನಡೆಯುವುದು ಶಿಕ್ಷಾರ್ಹವೆಂದು ಸಾರಬೇಕಾಯಿತು. ಒಂದೇ ಜಲಪಾತ, ಎರಡು ದಾರಿ: ಮಿತಿ ಇದ್ದ ದಾರಿಯಲ್ಲಿ ಅನ್ನ ಹುಟ್ಟಿತು, ಮಿತಿ ಇಲ್ಲದ ದಾರಿಯಲ್ಲಿ ಗದ್ದಲ ಹುಟ್ಟಿತು. ಖಾನಾಪುರಕ್ಕೆ ದುಡಿಮೆಯ ಬೇರೆ ಆಸರೆಗಳೂ ಇವೆ. ಇಲ್ಲಿನ ಜೇಡಿಮಣ್ಣು ಹೆಸರುವಾಸಿ. ಹೆಂಚಿನ ಕೈಗಾರಿಕೆ ಅದರಿಂದ ಬೆಳೆಯಿತು, ಖಾದಿ ಗ್ರಾಮೋದ್ಯೋಗ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇಲ್ಲೇ ನೆಲೆಗೊಂಡಿದೆ. ಹಲಸಿಗೆ ಬಂದವರು ಊರಿನಲ್ಲಿ ಉಂಡು, ಖಾನಾಪುರದಲ್ಲಿ ಮಡಕೆ ಕೊಂಡು, ಜಾಂಬೋಟಿಯಲ್ಲಿ ಒಂದು ರಾತ್ರಿ ತಂಗಿದರೆ ಹಣ ಊರಲ್ಲೇ ನಿಲ್ಲುತ್ತದೆ. ಕಾಡಿನೊಳಗೆ ಹೋಗಿ ಬರುವ ಕಾರು ಪ್ಲಾಸ್ಟಿಕ್ ಬಾಟಲಿ ಬಿಟ್ಟು ಹೋಗುತ್ತದೆ.

ಹೊಟ್ಟೆಪಾಡಿನ ಮಾತಿಗೆ ಇನ್ನೊಂದು ಮುಖವಿದೆ, ಅದನ್ನು ಮರೆಯುವುದು ಅನ್ಯಾಯ. ಭೀಮಗಡದೊಳಗೆ ತಲೆಮಾರುಗಳಿಂದ ಬದುಕಿದ ಹಳ್ಳಿಗಳಿವೆ. ಅವುಗಳಲ್ಲೊಂದಾದ ಆಮಗಾಂವ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳ ಸಾಲಿಗೆ ಸೇರುತ್ತದೆ. ಮಳೆಗಾಲದಲ್ಲಿ ಅಲ್ಲಿ ಕಾಯಿಲೆ ಬಿದ್ದವರನ್ನು ಹೊತ್ತುಕೊಂಡೇ ರಸ್ತೆಗೆ ತರಬೇಕಾದ ಸ್ಥಿತಿ ಇದೆ. ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪರಿಹಾರದೊಂದಿಗೆ ಸ್ವಯಂಪ್ರೇರಿತ ಸ್ಥಳಾಂತರದ ಯೋಜನೆ ತಳೇವಾಡಿಯಿಂದ ಆರಂಭವಾಗಿದೆ. ಹೋಗಲೊಪ್ಪಿದವರಿಗೆ ಮಾತು ಕೊಟ್ಟದ್ದನ್ನು ಪೂರ್ತಿ ಕೊಡಬೇಕು, ಒಪ್ಪದವರನ್ನು ಒತ್ತಾಯಿಸಬಾರದು. ಇದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಿಗಾಗಿ ಮನೆ ಬಿಡಿ ಎಂದು ಅವರಿಗೆ ಹೇಳಿ, ಖಾಲಿಯಾದ ಜಾಗಕ್ಕೆ ರೆಸಾರ್ಟು, ಜೀಪ್ ಸಫಾರಿ ತಂದರೆ ಆ ಸ್ಥಳಾಂತರಕ್ಕೆ ಯಾವ ನೈತಿಕ ಆಧಾರವೂ ಉಳಿಯುವುದಿಲ್ಲ. ಕಾಡಿನಲ್ಲಿ ಹುಟ್ಟಿದವರಿಗೆ ಇಲ್ಲದ ಜಾಗ ವಾರಾಂತ್ಯಕ್ಕೆ ಬರುವವರಿಗೆ ಇರಕೂಡದು.

ಮೂರನೆಯ ಆಕ್ಷೇಪ ರಾಜಕೀಯದ್ದು. ಇದು ಗಡಿ ತಾಲ್ಲೂಕು. ಕನ್ನಡ, ಮರಾಠಿ, ಕೊಂಕಣಿ ಮೂರೂ ಇಲ್ಲಿ ಮನೆಮಾತುಗಳು. ರಾಜ್ಯಗಳ ನಡುವೆ ನೆಲದ ವ್ಯಾಜ್ಯವೂ ಇದೆ, ನೀರಿನ ವ್ಯಾಜ್ಯವೂ ಇದೆ. ಇಂಥ ಕಡೆ ಪರಂಪರೆಯನ್ನು ಎತ್ತಿ ಆಡಿದರೆ ಜಗಳಕ್ಕೆ ತುಪ್ಪ ಸುರಿದಂತಾಗದೇ ಎಂದು ಕೆಲವರಿಗೆ ಅಂಜಿಕೆ. ಪರಂಪರೆಯನ್ನು ಅರ್ಧ ಹೇಳಿದರೆ ಆ ಅಂಜಿಕೆ ನಿಜವಾಗುತ್ತದೆ, ಪೂರ್ತಿ ಹೇಳಿದರೆ ಅಲ್ಲ. ಕನ್ನಡದ ಅರಸರು ಗೋವಾದಲ್ಲಿ ಆಳಿದರು. ಮರಾಠರ ಕೋಟೆ ಕರ್ನಾಟಕದ ಕಾಡಿನಲ್ಲಿದೆ. ಗೋವಾದ ಜೀವನದಿ ಖಾನಾಪುರದಲ್ಲಿ ಹುಟ್ಟುತ್ತದೆ. ಇವು ಮೂರೂ ಸತ್ಯ, ಯಾವುದನ್ನೂ ಮುಚ್ಚಿಡಬೇಕಿಲ್ಲ. ನೀರಿನ ವಿಷಯದಲ್ಲೂ ಹಾಗೆಯೇ. ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ಹಂಚಿತು. ಅದರಲ್ಲಿ ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ನರಗುಂದ, ನವಲಗುಂದದ ರೈತರು ಈ ನೀರಿಗಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು, ಹುಬ್ಬಳ್ಳಿ ಧಾರವಾಡಗಳ ಬಾಯಾರಿಕೆ ಇದರ ಮೇಲೆ ನಿಂತಿದೆ; ಆ ಬೇಡಿಕೆ ನ್ಯಾಯವಾದದ್ದು. ಆದರೆ ಕಾಲುವೆ ಎಷ್ಟೇ ಅಗಲವಿದ್ದರೂ ಅದರಲ್ಲಿ ಹರಿಯುವುದು ಈ ಕಾಡು ಹಿಡಿದಿಟ್ಟ ಮಳೆ. ಬೇಸಿಗೆಯಲ್ಲೂ ಹಳ್ಳಗಳು ಜೀವಂತವಿರಬೇಕಾದರೆ ನೆತ್ತಿಯ ಕಾಡು, ಹುಲ್ಲುಗಾವಲು, ಮಣ್ಣು ಗಟ್ಟಿಯಾಗಿರಬೇಕು. ನೀರು ಬೇಕೆನ್ನುವ ಬಯಲುಸೀಮೆಯ ರೈತನಿಗೆ ಭೀಮಗಡ ಉಳಿಯುವುದರಲ್ಲಿ ಇರುವ ಹಿತ ಗೋವಾದ ಮೀನುಗಾರನ ಹಿತಕ್ಕಿಂತ ಕಡಿಮೆಯದಲ್ಲ.

ಗುಡಿಗಳ ಕಡೆ ಜನ ಬಂದರೆ ಗುಡಿಗಳೂ ಕೆಡುವುದಿಲ್ಲವೇ ಎಂಬ ಪ್ರಶ್ನೆಯೂ ಉಂಟು. ಕೆಡಬಹುದು. ಆದರೆ ಕಲ್ಲಿಗೂ ಜೀವಿಗೂ ಇರುವ ವ್ಯತ್ಯಾಸ ದೊಡ್ಡದು. ಸವೆದ ಮೆಟ್ಟಿಲನ್ನು ಸರಿಪಡಿಸಬಹುದು, ಕಾವಲಿಡಬಹುದು, ಬೇಲಿ ಹಾಕಬಹುದು. ಹಾರಿಹೋದ ಬಾವಲಿಯ ಗುಂಪನ್ನು ಮರಳಿ ಕರೆಯಲು ಬಾರದು. ಜೊತೆಗೆ, ಜನ ಬಾರದ ಗುಡಿಗೆ ಬೇರೆಯೇ ಅಪಾಯವಿದೆ: ಗೋಡೆಯ ಸಂದಿನಲ್ಲಿ ಬೇರು ಇಳಿಯುತ್ತದೆ, ಶಾಸನದ ಕಲ್ಲು ಬಟ್ಟೆ ಒಗೆಯುವ ಬಂಡೆಯಾಗುತ್ತದೆ, ಜೀರ್ಣೋದ್ಧಾರದ ಹೆಸರಿನಲ್ಲಿ ಸಿಮೆಂಟು, ಎಣ್ಣೆಬಣ್ಣ ಮೆತ್ತಿದಾಗ ಕೇಳುವವರಿರುವುದಿಲ್ಲ. ಇದೇ ಮಲಪ್ರಭೆಯ ಕೆಳದಂಡೆಯ ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿಗೆ ಲೋಕವೇ ಬರುತ್ತದೆ. ಅದೇ ನದಿಯ ತಲೆಯಲ್ಲಿರುವ ಸೀಮೆಯ ಹಲಸಿ, ಚಾಲುಕ್ಯರಿಗೂ ಹಿಂದಿನ ರಾಜಧಾನಿ, ಒಂದು ಸರಿಯಾದ ವಿವರಣೆಯ ಫಲಕಕ್ಕೂ ಅರ್ಹವಲ್ಲವೇ?

ಮಾಡಬೇಕಾದದ್ದು ಅಸಾಧ್ಯವಾದ ಕೆಲಸವೇನಲ್ಲ. ಹಲಸಿಯ ತಾಮ್ರಪಟಗಳ ಪ್ರತಿರೂಪಗಳನ್ನು, ಸುಲಭ ಕನ್ನಡ ಮರಾಠಿ ಅನುವಾದಗಳೊಂದಿಗೆ ಊರಿನಲ್ಲೇ ಇಡಬಹುದು. ಕಣಕುಂಬಿಯಲ್ಲಿ ನೀರು ಎರಡಾಗುವುದನ್ನು ತೋರಿಸಿ ಹೇಳಲು ಊರಿನ ಯುವಕರಿಗೇ ತರಬೇತಿ ಕೊಡಬಹುದು. ಹಲಸಿಯನ್ನೂ ತಾಂಬಡಿ ಸುರ್ಲಾವನ್ನೂ ಒಂದೇ ಕೈಪಿಡಿಯಲ್ಲಿ ಸೇರಿಸಲು ಎರಡು ರಾಜ್ಯಗಳ ಇಲಾಖೆಗಳು ಒಮ್ಮೆ ಕೂತು ಮಾತಾಡಿದರೆ ಸಾಕು. ಇದಾವುದಕ್ಕೂ ಒಂದು ಮರ ಕಡಿಯಬೇಕಿಲ್ಲ.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಬಾರಿ ಬೆಳಗಾವಿ ಕಡೆ ಹೊರಟಾಗ ಹಲಸಿಗೆ ಹೋಗಿ, ನಂದಗಡಕ್ಕೆ ಹೋಗಿ, ಕಣಕುಂಬಿಯಲ್ಲಿ ಇಳಿದು ಮಲಪ್ರಭೆಯ ಮೂಲ ನೋಡಿ, ಊಟ ವಸತಿಗಳನ್ನು ಆ ಊರುಗಳಲ್ಲೇ ಮಾಡಿ. ಬಾರಾಪೇಡೆಗೆ ಕರೆದೊಯ್ಯುತ್ತೇನೆ ಎಂದು ಯಾರಾದರೂ ಹೇಳಿದರೆ ಬೇಡವೆನ್ನಿ.